ಕಾಫಿ ಲೋಟಕ್ಕೆ ಯಾವ ಕೈ?

ಲಕ್ವ ಹೊಡೆದವರನ್ನು ನೋಡಲು ಹೋದಾಗ ನಮ್ಮ ಜನ ತಪ್ಪದೇ ಮಾಡುವ ಒಂದು ಪರೀಕ್ಷೆ ಇದೆ. ನೀವೂ ನೋಡಿರುತ್ತೀರಿ. ತಂದ ಕಿತ್ತಳೆ ಹಣ್ಣನ್ನು ಮಂಚದ ಪಕ್ಕ ಇಟ್ಟು, ಕುರ್ಚಿ ಎಳೆದುಕೊಂಡು ಕೂತು, ಮಳೆ ಬೆಳೆ ಮಾತಾಡಿ ಮುಗಿಸಿದ ಮೇಲೆ, "ಎಲ್ಲಿ, ಆ ಕೈ ಸ್ವಲ್ಪ ಎತ್ತಿ ನೋಡೋಣ" ಅನ್ನುತ್ತಾರೆ. ಪಾಪ, ಅವರು ಹಲ್ಲು ಕಚ್ಚಿಕೊಂಡು ಎತ್ತುತ್ತಾರೆ. ಭುಜದ ಮಟ್ಟಕ್ಕೆ ಬಂತೋ, "ಓಹೋ, ಪರವಾಗಿಲ್ವೇ! ಹೋದ ಸಲಕ್ಕಿಂತ ಎಷ್ಟೋ ವಾಸಿ" ಅಂತ ಸರ್ಟಿಫಿಕೇಟು. ಅಷ್ಟರಲ್ಲಿ ಒಳಗಿನಿಂದ ಕಾಫಿ ಬರುತ್ತದೆ. ಈಗಷ್ಟೇ ಪರೀಕ್ಷೆ ಪಾಸು ಮಾಡಿದ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಲೋಟಕ್ಕೆ ಚಾಚುವುದು ಇನ್ನೊಂದು ಕೈ. ಅದನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ನನಗೆ ಬರೆಯಬೇಕು ಅನ್ನಿಸಿದ್ದು ಆ ಲೋಟದ ಕ್ಷಣದ ಬಗ್ಗೆ. ಕೈ ಏಳುತ್ತದೋ ಇಲ್ಲವೋ ಅನ್ನುವುದು ಒಂದು ಪ್ರಶ್ನೆ. ಏಳಬಲ್ಲ ಕೈ, ಬೇಕಾದಾಗ ತಾನಾಗಿ ಮುಂದೆ ಬರುತ್ತದೋ ಇಲ್ಲವೋ ಅನ್ನುವುದು ಬೇರೆಯದೇ ಪ್ರಶ್ನೆ. ಆಸ್ಪತ್ರೆಯ ಫೈಲು, ನೆಂಟರ ಪರೀಕ್ಷೆ ಎರಡೂ ಹೆಚ್ಚಾಗಿ ಮೊದಲನೆಯದಕ್ಕೇ ಅಂಕ ಕೊಡುತ್ತವೆ. ದಿನ ಕಳೆಯಬೇಕಾದ್ದು ಎರಡನೆಯದರ ಜೊತೆ. ಮತ್ತು ಈ ಎರಡನೆಯದನ್ನು ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ತೀರ್ಮಾನ ಮಾಡುತ್ತಿರುವವರು ಲೋಟ ತಂದುಕೊಡುವವರು ಅನ್ನುವುದು ನನ್ನ ವಾದ. (ನಾನು ಡಾಕ್ಟರಲ್ಲ, ಕೀಬೋರ್ಡು ಕುಟ್ಟಿ ಹೊಟ್ಟೆ ಹೊರೆಯುವವನು. ಮನೆಯಲ್ಲಿ ಇಬ್ಬರಿಗೆ ಹೀಗಾದ ಮೇಲೆ ಓದಿಕೊಂಡಿದ್ದು, ನೋಡಿದ್ದು, ತಲೆ ಕೆಡಿಸಿಕೊಂಡಿದ್ದು ಇಷ್ಟು.)

ಮೊದಲನೆಯವರು ನಮ್ಮ ದೊಡ್ಡಪ್ಪ. ಊರು ಸಾಗರದ ಹತ್ತಿರ. ಅವರಿಗೆ ರಕ್ತ ಕಟ್ಟಿಕೊಂಡಿದ್ದು ಮಿದುಳಿನ ಬಲಭಾಗದಲ್ಲಿ, ಹಾಗಾಗಿ ಪೆಟ್ಟು ಬಿದ್ದಿದ್ದು ಎಡಗೈ ಎಡಗಾಲಿಗೆ. ಮೂರು ತಿಂಗಳಲ್ಲಿ ಕೋಲು ಹಿಡಿದು ಅಂಗಳಕ್ಕೆ ಬರುವಂತಾದರು. ಫಿಸಿಯೋಥೆರಪಿಗೆ ಹೋದಾಗ ಅವರ ಎಡಗೈ ಪ್ಲಾಸ್ಟಿಕ್ ಲೋಟಗಳನ್ನು ಒಂದರ ಮೇಲೊಂದು ಜೋಡಿಸುತ್ತಿತ್ತು. ಕಣ್ಣಾರೆ ಕಂಡಿದ್ದೇನೆ. ನಿಧಾನ, ನಡುಕ ಇತ್ತು, ಆದರೆ ಜೋಡಿಸುತ್ತಿತ್ತು. ಅದೇ ಕೈ ಮನೆಗೆ ಬಂದ ಮೇಲೆ ಪಂಚೆಯ ಮಡಿಕೆಯಲ್ಲಿ ಮಲಗಿಬಿಡುತ್ತಿತ್ತು. ಪೇಪರ್ ತೆಗೆಯುವುದು, ಕನ್ನಡಕ ಹಾಕುವುದು, ಟವೆಲ್ ಹೆಗಲಿಗೆ ಎಸೆಯುವುದು, ಎಡಗಡೆ ಗೋಡೆಯಲ್ಲಿರುವ ಸ್ವಿಚ್ಚಿಗೂ ಮೈಯನ್ನೇ ತಿರುಗಿಸಿ ಬಲಗೈ. ಮನೆಯಲ್ಲಿ ಎಲ್ಲರಿಗೂ ಸಮಾಧಾನವೇ. "ಊಟದ ಕೈ ಸರಿ ಇದೆಯಲ್ಲ, ದೇವರು ದೊಡ್ಡವನು" ಅಂತ ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು.

ಎರಡನೆಯವರು ಅಪ್ಪನ ತಂಗಿ, ನಮ್ಮ ಅತ್ತೆ. ಇವರಿಗೆ ಹೋಗಿದ್ದು ಬಲಗೈ. ಅಂದರೆ ಊಟದ ಕೈಯೇ. ಸೊಸೆ ಪಾಪ ಒಳ್ಳೆಯ ಹುಡುಗಿ, ಚಮಚ ತಂದು ಎಡಗೈಗೆ ಕೊಟ್ಟಳು. ಅತ್ತೆ ಮುಟ್ಟಲಿಲ್ಲ. ಕಲಸಿ ತುತ್ತು ಬಾಯಿಗಿಡಲು ಹೋದರೆ ಮುಖ ತಿರುಗಿಸಿದರು. "ಆ ಕೈಯಲ್ಲಿ ಉಣ್ಣೋದಕ್ಕಿಂತ ಉಪವಾಸ ಇರ್ತೀನಿ" ಅಂತ ತೊದಲುತ್ತಲೇ ಹೇಳಿಬಿಟ್ಟರು. ಸರಿ, ಶುರುವಾಯಿತು ನೋಡಿ. ಒಂದು ಊಟಕ್ಕೆ ಮುಕ್ಕಾಲು ಗಂಟೆ. ಅರ್ಧ ಅನ್ನ ನೆಲಕ್ಕೆ, ಕಾಲು ಭಾಗ ಸೀರೆಗೆ. ಬೆರಳು ಮಡಿಚಿದರೆ ಬಿಚ್ಚುತ್ತಿರಲಿಲ್ಲ, ಎಡಗೈಯಿಂದ ಬಿಡಿಸಿಕೊಂಡು ಮತ್ತೆ ಕಲಸುವುದು. ನೋಡುವವರಿಗೇ ಹಿಂಸೆ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ ಸಾರನ್ನ ಕಲಸಿ ಉಣ್ಣುತ್ತಿದ್ದರು. ಇವತ್ತಿಗೂ ಆ ಕೈ ಸೊಟ್ಟಗೇ ಇದೆ, ಸೂಜಿಗೆ ದಾರ ಹಾಕಲು ಬರುವುದಿಲ್ಲ. ಆದರೆ ಏನಾದರೂ ಕೊಟ್ಟರೆ ಮೊದಲು ಮುಂದೆ ಬರುವುದು ಅದೇ.

ಈ ಎರಡು ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಇಬ್ಬರ ಮಿದುಳಿಗೆ ಬಿದ್ದ ಪೆಟ್ಟು ಬೇರೆ, ಜಾಗ ಬೇರೆ, ಸ್ವಭಾವವಂತೂ ಆಕಾಶ ಭೂಮಿ. ಆದರೆ ಆಮೇಲೆ ಓದುತ್ತಾ ಹೋದಾಗ 2009ರಲ್ಲಿ 'ಸ್ಟ್ರೋಕ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಮೆರಿಕದ ಒಂದು ಅಧ್ಯಯನ ಸಿಕ್ಕಿತು. ಬಲಗೈ ರೂಢಿಯವರಲ್ಲಿ, ಬಲಗೈಗೇ ಪೆಟ್ಟು ಬಿದ್ದವರು ಆ ಕೈಯನ್ನು ದಿನದ ಕೆಲಸಕ್ಕೆ ಬಳಸುವುದು ಹೆಚ್ಚು, ಎಡಗೈಗೆ ಪೆಟ್ಟು ಬಿದ್ದವರು ಎಡಗೈ ಬಳಸುವುದು ಕಡಿಮೆ ಅಂತ ಅವರು ಕಂಡುಕೊಂಡಿದ್ದರು. ಓದಿದಾಗ ನನಗೆ ನೆನಪಾಗಿದ್ದು ದೊಡ್ಡಮ್ಮನ "ಊಟದ ಕೈ ಸರಿ ಇದೆಯಲ್ಲ". ಹೋಗಬಾರದ ಕೈ ಹೋದರೆ ವಾಪಸು ತರಲು ಮನೆಯೆಲ್ಲ ಒದ್ದಾಡುತ್ತದೆ. ಹೋದರೂ ನಡೆಯುತ್ತದೆ ಅನ್ನುವ ಕೈ ಹೋದರೆ, ಅದು ಹೋಗಿದ್ದು ಮನೆಗೆ ಸರಿಯಾಗಿ ಗೊತ್ತೂ ಆಗುವುದಿಲ್ಲ.

ಅಮೆರಿಕದಲ್ಲೇ ಹೀಗಾದರೆ ನಮ್ಮಲ್ಲಿ ಕೇಳಬೇಕೆ? ನಮ್ಮ ಎಡಗೈಗೆ ಮರ್ಯಾದೆ ಎಲ್ಲಿದೆ ಹೇಳಿ. ದುಡ್ಡು ಕೊಟ್ಟರೆ ಬಲಗೈ, ಪ್ರಸಾದ ತಗೊಂಡರೆ ಬಲಗೈ, ಬಡಿಸಿದರೆ ಬಲಗೈ. ನಮ್ಮ ಕ್ಲಾಸಿನಲ್ಲಿದ್ದ ಎಡಚ ಹುಡುಗನ ಬೆರಳ ಗಂಟಿಗೆ ಮೇಷ್ಟರ ಸ್ಕೇಲು ಬೀಳುತ್ತಿದ್ದದ್ದು ನನಗಿನ್ನೂ ನೆನಪಿದೆ. ಎಡಗೈಗೆ ನಾವು ಮೀಸಲಿಟ್ಟಿರುವ ಏಕೈಕ ಸ್ವತಂತ್ರ ಖಾತೆ ಯಾವುದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. :-) ನಗುವ ವಿಷಯ ಅಲ್ಲ ಇದು, ನಿಜವಾಗಿ. ಬಲಗೈ ಹೋದವರಿಗೆ ತೊಳೆದುಕೊಳ್ಳುವ ಕೈಯಲ್ಲೇ ಉಣ್ಣಬೇಕಾಗುತ್ತದೆ, ಎಡಗೈ ಹೋದವರಿಗೆ ಉಣ್ಣುವ ಕೈಯಲ್ಲೇ ತೊಳೆದುಕೊಳ್ಳಬೇಕಾಗುತ್ತದೆ. ಎರಡೂ ಕಡೆ ಅವಮಾನವೇ. ಆದರೆ ಮೊದಲನೆಯದು ದಿನಕ್ಕೆ ಮೂರು ಹೊತ್ತು ನಾಲ್ಕು ಜನರ ಮುಂದೆ ಆಗುತ್ತದೆ, ಎರಡನೆಯದು ಬಾಗಿಲು ಹಾಕಿಕೊಂಡು. ಅತ್ತೆಗೆ ಛಲ ಬಂದಿದ್ದು ಹಾಗೆ ಅಂತ ನನ್ನ ಊಹೆ. ದೊಡ್ಡಪ್ಪನ ಎಡಗೈಗೆ ಅಂಥ ಛಲ ಹುಟ್ಟಿಸುವ ಒಂದು ಕೆಲಸವನ್ನೂ ನಮ್ಮ ಸಂಸ್ಕೃತಿ ಅದಕ್ಕೆ ವಹಿಸಿಯೇ ಇರಲಿಲ್ಲ.

ಇರಲಿ. ಕೈ ಆಯ್ಕೆಯಾಗುವುದು ಹೇಗೆ ಅನ್ನುವುದಕ್ಕೆ ಬರೋಣ.

ಆರೋಗ್ಯವಾಗಿರುವ ನಮ್ಮ ನಿಮ್ಮಲ್ಲೂ ಇದು ನಾವಂದುಕೊಂಡಷ್ಟು ಸಲೀಸಾದ ವಿಷಯ ಅಲ್ಲ. ತೀರಾ ಬಲಕ್ಕಿರುವ ವಸ್ತುವಿಗೆ ಬಲಗೈ, ತೀರಾ ಎಡಕ್ಕಿದ್ದರೆ ಎಡಗೈ, ಅಲ್ಲಿ ತಕರಾರಿಲ್ಲ. ನಡುವೆ ಎಲ್ಲೋ ಒಂದು ಜಾಗ ಇದೆ, ಅಲ್ಲಿ ಯಾವ ಕೈ ಬೇಕಾದರೂ ಹೋಗಬಹುದು. 2010ರಲ್ಲಿ ಬರ್ಕ್ಲಿಯ ರಿಚರ್ಡ್ ಐವ್ರಿ ಮತ್ತು ಜೊತೆಯವರು ಈ ನಡುವಿನ ಜಾಗದ ಮೇಲೆ ಪ್ರಯೋಗ ಮಾಡಿದರು. ಅಲ್ಲಿಟ್ಟ ಗುರಿಗೆ ಕೈ ಚಾಚಲು ಜನ ಒಂದು ಚೂರು ತಡ ಮಾಡುತ್ತಿದ್ದರು. ಎರಡು ಕೈಗಳೂ "ನಾನು ನಾನು" ಅಂತ ಒಳಗೇ ಪೈಪೋಟಿಗೆ ಬಿದ್ದಂತೆ. ಆಮೇಲೆ ಅವರು ತಲೆಯ ಹೊರಗಿನಿಂದಲೇ ಆಯಸ್ಕಾಂತದ ಮಿಡಿತ ಕೊಟ್ಟು ಎಡ ಮಿದುಳಿನ ಹಿಂಬದಿಯ ಒಂದು ಭಾಗವನ್ನು ಕ್ಷಣಮಾತ್ರ ಕೆಣಕಿದರು. ಬಲಗೈ ರೂಢಿಯ ಜನ ಎಡಗೈ ಬಳಸುವುದು ಹೆಚ್ಚಾಯಿತು! ಯಾರೂ "ಎಡಗೈ ಬಳಸಿ" ಅಂದಿರಲಿಲ್ಲ. ಅವರ ಪಾಲಿಗೆ ಅದು ತಾವೇ ಮಾಡಿದ ಆಯ್ಕೆ.

ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಯಾವ ಕೈಗೆ ಶ್ರಮ ಕಡಿಮೆ, ಯಾವ ಕೈ ಹೋದರೆ ಕೆಲಸ ಕೆಡದೆ ಆಗುತ್ತದೆ, ಈ ಎರಡೂ ಲೆಕ್ಕ ಅದರಲ್ಲಿ ಸೇರಿರುತ್ತವೆ ಅಂತ ಕ್ಯಾಲಿಫೋರ್ನಿಯಾದ ನಿಕೊಲಾ ಶ್ವೈಗ್‌ಹೋಫರ್ ತಂಡ 2015ರಲ್ಲಿ ತೋರಿಸಿತು. ಈಗ ದೊಡ್ಡಪ್ಪನ ಲೆಕ್ಕ ಹಾಕಿ. ಎಡಗೈಗೆ ಹತ್ತುಪಟ್ಟು ಶ್ರಮ, ಚೆಲ್ಲುವ ಸಾಧ್ಯತೆ ಅರ್ಧಕ್ಕರ್ಧ. ಬಲಗೈ ಪಕ್ಕದಲ್ಲೇ ತಯಾರಾಗಿ ಕೂತಿದೆ. ಯಾವ ಮಿದುಳು ತಾನೇ ಎಡಗೈಗೆ ವೋಟು ಹಾಕೀತು? ಅದಕ್ಕೇ "ಅವರು ಮನಸ್ಸು ಮಾಡಲ್ಲ, ಸೋಮಾರಿ ಆಗ್ಬಿಟ್ಟಿದ್ದಾರೆ" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮನಸ್ಸಿನ ಕೈಗೆ ಆ ತೀರ್ಮಾನ ಬರುವ ಮೊದಲೇ ಬಲಗೈ ಲೋಟ ಹಿಡಿದು ಆಗಿರುತ್ತದೆ.

ಈ ವಿಷಯದ ಮೂಲ ಮಾತ್ರ ಅಷ್ಟು ಚಂದದ ಕಥೆ ಅಲ್ಲ. 1895ರಲ್ಲೇ ಇಂಗ್ಲೆಂಡಿನ ಮಾಟ್ ಮತ್ತು ಶೆರಿಂಗ್ಟನ್ ಮಂಗಗಳ ಒಂದು ಕೈಯಿಂದ ಸ್ಪರ್ಶದ ಸುದ್ದಿ ತರುವ ನರಗಳನ್ನು ಕತ್ತರಿಸಿ ನೋಡಿದ್ದರು. ಸ್ನಾಯುವಿಗೆ ಹೋಗುವ ನರ ಹಾಗೇ ಇತ್ತು, ಆದರೂ ಮಂಗ ಆ ಕೈಯನ್ನು ಬಳಸುವುದನ್ನೇ ಬಿಟ್ಟಿತು. ಸ್ಪರ್ಶವಿಲ್ಲದೆ ಚಲನೆಯೇ ಸಾಧ್ಯವಿಲ್ಲ ಅಂತ ಬಹಳ ಕಾಲ ನಂಬಿದ್ದರು. ಆಮೇಲೆ ಎಡ್ವರ್ಡ್ ಟಾಬ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಸರಳವಾದ ಒಂದು ಕೆಲಸ ಮಾಡಿದ. ಮಂಗದ ಒಳ್ಳೆಯ ಕೈಯನ್ನು ಕಟ್ಟಿಹಾಕಿದ. ಸತ್ತೇ ಹೋಗಿದೆ ಅಂದುಕೊಂಡಿದ್ದ ಕೈ ಊಟಕ್ಕೆ ಚಾಚಿತು! ಒಂದೇ ದಿನಕ್ಕೆ ಕಟ್ಟು ಬಿಚ್ಚಿದರೆ ಮತ್ತೆ ಹಳೇ ಚಾಳಿ, ಹಲವು ದಿನ ಹಾಗೇ ಬಿಟ್ಟರೆ ಆ ಕೈ ಬಳಕೆಯಲ್ಲಿ ಉಳಿಯುತ್ತಿತ್ತು. ಟಾಬ್ ಇದಕ್ಕೆ ಕೊಟ್ಟ ಹೆಸರು 'ಲರ್ನ್ಡ್ ನಾನ್‌ಯೂಸ್'. ಬಳಸದಿರುವುದನ್ನು ಕಲಿತುಬಿಡುವುದು ಅಂತ ಇಟ್ಟುಕೊಳ್ಳೋಣ. ಪೆಟ್ಟು ಬಿದ್ದ ಹೊಸದರಲ್ಲಿ ಕೈ ನಿಜಕ್ಕೂ ಏಳುವುದಿಲ್ಲ. ಪ್ರಯತ್ನಿಸಿದಾಗೆಲ್ಲ ಸೋಲು, ನೋವು, ಚೆಲ್ಲಾಪಿಲ್ಲಿ. ಒಳ್ಳೆಯ ಕೈಗೆ ಪ್ರತಿ ಸಲವೂ ಬಹುಮಾನ. ಕೆಲವು ವಾರ ಕಳೆದು ನರಮಂಡಲ ಚೇತರಿಸಿಕೊಂಡು ಕೈಗೆ ಶಕ್ತಿ ಬಂದಾಗ, ಅದು ಬಂದಿದೆ ಅಂತ ನೋಡಲು ಯಾರೂ ಹೋಗುವುದಿಲ್ಲ, ಅದರ ಯಜಮಾನನೂ ಸೇರಿ.

ಆ ಮಂಗಗಳ ಮುಂದಿನ ಕಥೆ ಓದಿದರೆ ರಾತ್ರಿ ನಿದ್ದೆ ಬರುವುದಿಲ್ಲ. 1981ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಟಾಬ್‌ನ ಪ್ರಯೋಗಾಲಯಕ್ಕೆ ಪೊಲೀಸರು ದಾಳಿ ಮಾಡಿ 17 ಮಂಗಗಳನ್ನು ವಶಪಡಿಸಿಕೊಂಡರು. ಪ್ರಾಣಿಹಿಂಸೆಯ ಮೊಕದ್ದಮೆ, ಶಿಕ್ಷೆ, ಮೇಲ್ಮನವಿಯಲ್ಲಿ ಆ ಶಿಕ್ಷೆ ರದ್ದು, ಎಲ್ಲ ಆಯಿತು. ಆ ಪ್ರಕರಣದಲ್ಲಿ ನಾನು ಟಾಬ್‌ನ ಪರ ವಕಾಲತ್ತು ವಹಿಸಲಾರೆ. ಆದರೆ ಅಲ್ಲಿ ಕಲಿತದ್ದು ಮನುಷ್ಯರ ಕೈಗೆ ಬಂತು ಅನ್ನುವುದೂ ನಿಜ. 2006ರಲ್ಲಿ ಪ್ರಕಟವಾದ 'ಎಕ್ಸೈಟ್' ಅನ್ನುವ ದೊಡ್ಡ ಪ್ರಯೋಗದಲ್ಲಿ, ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾದ 222 ಜನ ಇದ್ದರು. ಅವರಲ್ಲಿ ಒಂದು ಗುಂಪಿನವರ ಒಳ್ಳೆಯ ಕೈಗೆ ದಪ್ಪನೆಯ ಗವಸು ತೊಡಿಸಿದರು, ಎಚ್ಚರವಿರುವ ಹೊತ್ತಿನ ಶೇಕಡಾ 90ರಷ್ಟು ಕಾಲ, ಎರಡು ವಾರ. ಜೊತೆಗೆ ದಿನಕ್ಕೆ ಆರು ಗಂಟೆಯವರೆಗೆ ಪೆಟ್ಟಾದ ಕೈಗೆ ಅಭ್ಯಾಸ. ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಗವಸಿನ ಗುಂಪಿಗೆ ಆದ ಅನುಕೂಲ ವರ್ಷದ ಮೇಲೂ ಉಳಿದಿತ್ತು.

ಇದನ್ನು ಓದಿದವರಿಗೆ ತಕ್ಷಣ ಹೊಳೆಯುವುದೇನು ಅಂತ ಗೊತ್ತು. "ಹಾಗಾದರೆ ಅಜ್ಜನ ಒಳ್ಳೆ ಕೈ ಕಟ್ಟಿಬಿಡೋಣ!" ದಯವಿಟ್ಟು ಬೇಡ ಮಾರಾಯ್ರೇ. ಆ 222 ಜನರನ್ನು ಆರಿಸಿಕೊಂಡಿದ್ದೇ ಮಣಿಕಟ್ಟನ್ನು ಕನಿಷ್ಠ 10 ಡಿಗ್ರಿಯಾದರೂ ಹಿಂದಕ್ಕೆ ಎತ್ತಬಲ್ಲವರು, ಬೆರಳನ್ನು ಸ್ವಲ್ಪವಾದರೂ ಬಿಡಿಸಬಲ್ಲವರು ಅಂತ ನೋಡಿ. ಕೈ ಪೂರ್ತಿ ಸೆಟೆದುಕೊಂಡವರಿಗೆ ಒಳ್ಳೆಯ ಕೈಯನ್ನೂ ಕಟ್ಟಿದರೆ ಅದು ಚಿಕಿತ್ಸೆ ಅಲ್ಲ, ಸೆರೆಮನೆ. ಬೇಗ ಶುರುಮಾಡಿ ಜೋರಾಗಿ ಮಾಡಿಸಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯೂ ನಿಲ್ಲಲಿಲ್ಲ. 2009ರಲ್ಲಿ 52 ಜನರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಸ್ಟ್ರೋಕ್ ಆದ ಮೊದಲ ವಾರಗಳಲ್ಲೇ ಅತಿ ಹೆಚ್ಚು ಹೊತ್ತು ಇದನ್ನು ಮಾಡಿಸಿದವರಿಗೆ 90 ದಿನದ ಹೊತ್ತಿಗೆ ಉಳಿದವರಿಗಿಂತ ಕಡಿಮೆ ಸುಧಾರಣೆ ಕಂಡಿತು. ಕೋಲಿನ ಮೇಲೆ ನಡೆಯುವ ಮುದುಕರ ಕೈ ಕಟ್ಟಿ, ಅವರು ಜಾರಿದಾಗ ಹಿಡಿದುಕೊಳ್ಳಲು ಕೈಯಿಲ್ಲದೆ ಸೊಂಟ ಮುರಿದುಕೊಂಡರೆ ಮುಗಿಯಿತು ಕಥೆ.

ನನಗೆ ಗವಸಿಗಿಂತ ಹೆಚ್ಚು ಇಷ್ಟವಾಗಿದ್ದು ಗವಸಿನ ಜೊತೆ ಟಾಬ್ ತಂಡ ಸೇರಿಸಿದ ಮನೆಪಾಠ. ರೋಗಿಯ ಜೊತೆ ಕೂತು ಒಂದು ಕರಾರುಪತ್ರ ಬರೆಯುತ್ತಾರೆ. ಯಾವ ಯಾವ ಕೆಲಸಕ್ಕೆ ಯಾವ ಕೈ, ಎರಡೂ ಕೈ ಯಾವುದಕ್ಕೆ ಅಂತ ಪಟ್ಟಿ ಮಾಡಿ ಸಹಿ ಹಾಕಿಸುತ್ತಾರೆ. ಮನೆಯಲ್ಲಿ ಏನು ಮಾಡಿದಿರಿ ಅಂತ ದಿನಾ ಕೇಳುತ್ತಾರೆ, ತೊಡಕು ಬಂದರೆ ದಾರಿ ಹುಡುಕುತ್ತಾರೆ. 2013ರಲ್ಲಿ ಅವರು ಇದನ್ನು ಬಿಟ್ಟು ಬರೀ ಅಭ್ಯಾಸ ಮಾಡಿಸಿ, ಇದನ್ನು ಸೇರಿಸಿಯೂ ಮಾಡಿಸಿ ಹೋಲಿಸಿದರು. ಮನೆಪಾಠ ಇದ್ದವರು ನಿಜಜೀವನದಲ್ಲಿ ಆ ಕೈ ಬಳಸಿದ್ದು ಬಹಳ ಹೆಚ್ಚು. ಅಂದರೆ ಕ್ಲಿನಿಕ್ಕಿನಲ್ಲಿ ಲೋಟ ಜೋಡಿಸಿದ ಕೈ ತಾನಾಗಿ ಮನೆಗೆ ನಡೆದು ಬರುವುದಿಲ್ಲ. ಅದನ್ನು ಕರೆದುಕೊಂಡು ಬರಬೇಕು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. 2008ರಲ್ಲಿ ಇದೇ ಶ್ವೈಗ್‌ಹೋಫರ್ ಮತ್ತು ಜೊತೆಯವರು ಕಂಪ್ಯೂಟರಿನಲ್ಲಿ ಈ ಆಯ್ಕೆಯ ಒಂದು ಮಾದರಿ ಕಟ್ಟಿದರು. ಅದರಲ್ಲಿ ಒಂದು ಹೊಸ್ತಿಲು ಕಂಡಿತು. ಪೆಟ್ಟಾದ ಕೈಯನ್ನು ತಾನಾಗಿ ಬಳಸುವ ಪ್ರಮಾಣ ಆ ಹೊಸ್ತಿಲು ದಾಟಿದರೆ, ಬಳಕೆಯೇ ಅಭ್ಯಾಸವಾಗಿ ಕೈ ಸುಧಾರಿಸುತ್ತಾ ಹೋಗುತ್ತದೆ, ಸುಧಾರಿಸಿದ್ದಕ್ಕೆ ಮತ್ತಷ್ಟು ಬಳಕೆ. ದಾಟದಿದ್ದರೆ, ಚಿಕಿತ್ಸೆಯಲ್ಲಿ ಬಂದದ್ದೂ ನಿಧಾನಕ್ಕೆ ಕರಗುತ್ತದೆ. ನಾನು ಪ್ರೋಗ್ರಾಮ್ ಬರೆಯುವವನು, ಮಾದರಿ ಬೇರೆ ಮನುಷ್ಯ ಬೇರೆ ಅಂತ ನನಗೂ ಗೊತ್ತು. 2012ರಲ್ಲಿ ಅವರು ಎಕ್ಸೈಟ್‌ನಲ್ಲಿದ್ದ ಜನರ ದಾಖಲೆಗಳನ್ನೇ ಇಟ್ಟುಕೊಂಡು ನೋಡಿದಾಗಲೂ ಕೈಯ ಶಕ್ತಿ, ಕೈಯ ಬಳಕೆ ಒಂದನ್ನೊಂದು ಎಳೆಯುವುದು ಕಂಡಿತು. ಹೊಸ್ತಿಲಿನ ಈಚೆಗೋ ಆಚೆಗೋ ಅನ್ನುವ ಜಾಗದಲ್ಲಿ ನಿಂತವರಿಗೆ ದಿನಕ್ಕೆ ಹತ್ತು ಸಲ ಟವೆಲ್ ಯಾವ ಕೈಗೆ ಕೊಟ್ಟೆವು ಅನ್ನುವುದು ಸಣ್ಣ ಮಾತಲ್ಲ, ಅಲ್ಲವೇ?

ಈಗ ನಮ್ಮ ಸೇವೆಯ ಬಗ್ಗೆ. ನಮ್ಮಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವುದು ಅಂದರೆ ಅವರು ಕೈ ಚಾಚುವ ಮೊದಲೇ ತಂದುಕೊಡುವುದು. ಎಷ್ಟು ಬೇಗ ತಂದುಕೊಟ್ಟರೆ ಅಷ್ಟು ಪ್ರೀತಿ. ತುತ್ತು ಕಲಸಿ ಬಾಯಿಗಿಡುವುದು, ಶರ್ಟಿನ ಗುಂಡಿ ಹಾಕುವುದು, ಮಾತ್ರೆ ನಾಲಿಗೆ ಮೇಲಿಡುವುದು. ಸೊಸೆ ಇಷ್ಟು ಮಾಡದಿದ್ದರೆ ಊರವರು ಬಿಡುತ್ತಾರೆಯೇ? "ಮುದುಕಿ ಅನ್ನ ಚೆಲ್ಲಿಕೊಂಡು ತಿಂತಿದೆ, ಇವಳು ನೋಡ್ತಾ ಕೂತಿದ್ದಾಳೆ" ಅಂತ ಅತ್ತೆಯ ಸೊಸೆಯ ಬಗ್ಗೆ ಆಡಿಕೊಂಡದ್ದು ನನ್ನ ಕಿವಿಗೇ ಬಿದ್ದಿದೆ. ಆ ಹುಡುಗಿ ನೆಲ ಒರೆಸಿದ್ದು ಎಷ್ಟು ಸಲವೋ! ಮುಕ್ಕಾಲು ಗಂಟೆ ಸುಮ್ಮನೆ ಎದುರು ಕೂರುವುದು ಐದು ನಿಮಿಷದಲ್ಲಿ ತಿನ್ನಿಸಿ ಎದ್ದು ಹೋಗುವುದಕ್ಕಿಂತ ಕಷ್ಟದ ಸೇವೆ. ಅದಕ್ಕೆ ಹೆಸರೂ ಇಲ್ಲ, ಹೊಗಳಿಕೆಯೂ ಇಲ್ಲ. ಮನೆಯಲ್ಲಿ ದುಡಿಯಲು ಹೋಗುವ ಹೆಂಗಸರಿದ್ದರೆ ಆ ಮುಕ್ಕಾಲು ಗಂಟೆ ಎಲ್ಲಿಂದ ತರುವುದು ಅನ್ನುವ ಪ್ರಶ್ನೆಯೂ ಇದೆ. ಅದಕ್ಕೆ ಉಪದೇಶ ಮಾಡುವ ಗಂಡಸರೇ ಉತ್ತರ ಕೊಡಬೇಕು. ಎದುರು ಕೂರಲು ಅವರಿಗೇನು ಕಷ್ಟ?

ಇಷ್ಟೆಲ್ಲ ಓದಿಕೊಂಡು ನಾನೊಮ್ಮೆ ದೊಡ್ಡಪ್ಪನ ಹತ್ತಿರ ಪ್ರವಚನ ಶುರುಮಾಡಿದ್ದೆ. ಮಂಗ, ಗವಸು, ಹೊಸ್ತಿಲು ಎಲ್ಲ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಲಗೈಯಿಂದ ಲೋಟ ಎತ್ತಿಕೊಂಡು, "ನಂಗೆ ಈಗ ಕಾಫಿ ಕುಡೀಬೇಕು ಮಾರಾಯ, ಕಸರತ್ತು ಮಾಡಬೇಕಾಗಿಲ್ಲ" ಅಂದರು.

ಅವರ ಮಾತಿನಲ್ಲಿ ತಪ್ಪೇನಿದೆ? ಕಾಫಿ ಬಿಸಿ ಇರುತ್ತದೆ. ನೆಂಟರು ಎದುರು ಕೂತಿರುತ್ತಾರೆ. ಚೆಲ್ಲಿದರೆ ಪಂಚೆ ಒದ್ದೆ, ಎಲ್ಲರೂ ಎದ್ದು ಓಡಿಬರುವುದು, "ಅಯ್ಯೋ ಪಾಪ". ಎಪ್ಪತ್ತು ದಾಟಿದ, ಊರಿನ ಪಂಚಾಯಿತಿಕೆಗೆಲ್ಲ ಮುಂದಾಳಾಗಿದ್ದ ಮನುಷ್ಯ ಅದನ್ನು ದಿನಕ್ಕೆ ಮೂರು ಸಲ ಅನುಭವಿಸಬೇಕು ಅಂತ ಹೇಳಲು ನಾನು ಯಾರು? ಒಳ್ಳೆಯ ಕೈಯಲ್ಲಿ ಸಲೀಸಾಗಿ ಬದುಕುವ ಹಕ್ಕು ಅವರಿಗಿದೆ. ಹಾಗಾಗಿ ನನ್ನ ವಾದವನ್ನು ಅವರು ಸ್ವಲ್ಪ ನೇರ ಮಾಡಿದರು ಅಂತಲೇ ಹೇಳಬೇಕು. ಸೋತರೂ ನಷ್ಟವಿಲ್ಲದ ಕೆಲಸಗಳು ಮನೆತುಂಬ ಇವೆ. ಟವೆಲ್ ಬಿದ್ದರೆ ಎತ್ತಬಹುದು. ಪೇಪರ್ ಜಾರಿದರೆ ಸುದ್ದಿ ಏನೂ ಕೆಡುವುದಿಲ್ಲ (ಈಗಿನ ಸುದ್ದಿ ಕೆಡಲು ಇನ್ನೇನು ಉಳಿದಿದೆ!). ದಿಂಬು, ಟೀವಿ ರಿಮೋಟು, ಕನ್ನಡಕದ ಡಬ್ಬಿ, ಒಣಗಿದ ಬಟ್ಟೆ ಮಡಿಸುವುದು. ಇವನ್ನೆಲ್ಲ ಆ ಕೈಯ ಕಡೆಗೆ, ಸುಲಭಕ್ಕೆ ಸಿಗುವಷ್ಟು ಹತ್ತಿರ ಇಟ್ಟರೆ ಸಾಕು. ಹೇಳಬೇಕಾಗಿಲ್ಲ, ಬೈಯಬೇಕಾಗಿಲ್ಲ. ವಸ್ತು ಎಲ್ಲಿದೆ ಅನ್ನುವುದರ ಮೇಲೂ ಕೈ ಆಯ್ಕೆಯಾಗುತ್ತದೆ ಅಂತ ಆಗಲೇ ನೋಡಿದೆವಲ್ಲ. ಬಿಸಿ ಕಾಫಿ ಮಾತ್ರ ಅವರು ಕೇಳಿದ ಕೈಗೆ.

ಒಂದು ಎಚ್ಚರಿಕೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಜಗತ್ತೇ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಬಲಭಾಗದ ಅನ್ನ ಮಾತ್ರ ಉಂಡು ಏಳುತ್ತಾರೆ. ಅಂಥವರ ಎಡಕ್ಕೆ ಔಷಧಿ, ನೀರು ಇಟ್ಟು ಕಾಯುತ್ತಾ ಕೂರುವುದು ಕ್ರೌರ್ಯ. ಅದು ಯಾರಿಗೆ ಇದೆ ಅಂತ ಡಾಕ್ಟರನ್ನು ಕೇಳಿಯೇ ತಿಳಿದುಕೊಳ್ಳಬೇಕು. ಹಾಗೆಯೇ ಸ್ಪರ್ಶ ಕಡಿಮೆಯಾದ ಕೈಗೆ ಬಿಸಿ ಗೊತ್ತಾಗುವುದಿಲ್ಲ. ಮಂಗಳಾರತಿ ತಗೊಳ್ಳುವಾಗ ಪಕ್ಕದವರು ನೋಡಿಕೊಳ್ಳಬೇಕು.

ಕೈಯ ನಿಜವಾದ ಬಳಕೆ ಅಳೆಯಲು 'ಮೋಟರ್ ಆಕ್ಟಿವಿಟಿ ಲಾಗ್' ಅನ್ನುವ ಪ್ರಶ್ನಾವಳಿ ಇದೆ. ಈ ಕೆಲಸಕ್ಕೆ ಆ ಕೈ ಎಷ್ಟು ಬಳಸಿದಿರಿ, ಎಷ್ಟು ಚೆನ್ನಾಗಿ ಬಳಸಿದಿರಿ ಅಂತ ಸೊನ್ನೆಯಿಂದ ಐದರವರೆಗೆ ಅಂಕ. ಬಹಳ ಒಳ್ಳೆಯ ಯೋಚನೆ. ಆದರೆ ಅದರಲ್ಲಿರುವುದು ಫೋರ್ಕು, ಸ್ಯಾಂಡ್‌ವಿಚ್ಚು, ಕಾರಿನಿಂದ ಇಳಿಯುವುದು. ನಮ್ಮ ದೊಡ್ಡಮ್ಮ ಸ್ಯಾಂಡ್‌ವಿಚ್ ಕಂಡಿದ್ದಾರೋ ಇಲ್ಲವೋ. ನಮ್ಮ ಫಿಸಿಯೋದವರಿಗೆ, ಮನೆಯವರಿಗೆ ನಮ್ಮ ಅಡುಗೆಮನೆ ಜಗುಲಿಯ ಪಟ್ಟಿಯೇ ಬೇಕು. ಅದರಲ್ಲೂ ಎರಡೂ ಕೈ ಕೇಳುವ ಕೆಲಸಗಳು. ಒಂದೇ ಕೈಯ ಕೆಲಸವಾದರೆ ಒಳ್ಳೆಯ ಕೈ ನುಗ್ಗಿಬಿಡುತ್ತದೆ. ಎರಡೂ ಬೇಕೇ ಬೇಕು ಅಂದಾಗ ಇನ್ನೊಂದನ್ನು ಕರೆಯದೆ ವಿಧಿಯಿಲ್ಲ. ನಾವು ಎಡಗೈಗೆ ಮರ್ಯಾದೆ ಕೊಡುವುದಿಲ್ಲ ಅಂತ ಮೇಲೆ ಬೈದೆನಲ್ಲ, ನಮಸ್ಕಾರದಲ್ಲಿ ಮಾತ್ರ ಅದಕ್ಕೆ ಸರಿಪಾಲು ಇದೆ ನೋಡಿ. ದೊಡ್ಡಪ್ಪ ಈಗ ಮನೆಗೆ ಬಂದವರಿಗೆ ಬಲಗೈ ಒಂದನ್ನೇ ಎತ್ತುವುದು ಬಿಟ್ಟು, ಎಡಗೈಯನ್ನು ತೊಡೆಯಿಂದ ನಿಧಾನಕ್ಕೆ ಎಬ್ಬಿಸಿ ತಂದು ಸೇರಿಸುತ್ತಾರೆ. ಬಂದವರು ಅಷ್ಟು ಹೊತ್ತು ಕೈ ಮುಗಿದುಕೊಂಡೇ ನಿಂತಿರಬೇಕಾಗುತ್ತದೆ. ನಿಲ್ಲಲಿ ಬಿಡಿ.

ನನ್ನ ಪಟ್ಟಿಯಲ್ಲಿ ಈವರೆಗೆ ಇರುವುದು: ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು, ಚಪಾತಿ ಲಟ್ಟಿಸುವುದು, ಪಂಚೆ ಎತ್ತಿ ಕಟ್ಟುವುದು, ಜಡೆ ಹೆಣೆಯುವುದು, ದೀಪದ ಬತ್ತಿ ಹೊಸೆಯುವುದು, ಬಾಳೆಎಲೆ ಒರೆಸುವುದು, ಹಾಸಿಗೆ ಬಟ್ಟೆ ಕೊಡವುವುದು, ಎಲೆ ಅಡಿಕೆ ಹಾಕಿಕೊಳ್ಳುವುದು (ಎಲೆಗೆ ಸುಣ್ಣ ಸವರಲು ಒಂದು ಕೈ, ಎಲೆ ಹಿಡಿಯಲು ಒಂದು ಕೈ. ದೊಡ್ಡಪ್ಪನ ಎಡಗೈ ಇದಕ್ಕೊಂದಕ್ಕೆ ಮಾತ್ರ ಕರೆಯದೆಯೂ ಬರಲು ಶುರುವಾಗಿದೆ, ಕವಳದ ಮಹಿಮೆ!). ಈಳಿಗೆಮಣೆಯಲ್ಲಿ ಕಾಯಿ ತುರಿಯುವುದನ್ನು ಬರೆದು, ಹೆದರಿ ಹೊಡೆದುಹಾಕಿದ್ದೇನೆ. ಉತ್ತರ ಕರ್ನಾಟಕದ ಕಡೆಯವರು, ಕರಾವಳಿಯವರು, ನಿಮ್ಮ ನಿಮ್ಮ ಮನೆಯದ್ದು ಸೇರಿಸಿ. ರೊಟ್ಟಿ ತಟ್ಟುವುದು ಒಂದೇ ಕೈಯ ಕೆಲಸವೋ ಎರಡು ಕೈಯದ್ದೋ ಅಂತ ನಮ್ಮಲ್ಲಿ ಜಗಳ ಆಗಿದೆ, ಗೊತ್ತಿರುವವರು ಹೇಳಿ.